ನಲವತ್ತಮೂರನೇ ಬಿಲ್ಲೆ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದಲೇ ಆದದ್ದು. ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಅಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ಅಂಥವಳು ಮೆಲ್ಬರ್ನಿನಿಂದ ಮೂರೂವರೆ ಗಂಟೆ ದೂರದ ಒಂದು ಹಿಮದ ಗುಡ್ಡದ ಕ್ಲಬ್ಬಿಗೆ ಮೆಂಬರ್ ಆದೆ ಎಂದರೆ ನಮ್ಮಕ್ಕ ಈಗಲೂ ಫೋನಿನಲ್ಲಿ ನಂಬುವುದಿಲ್ಲ. ನನಗೂ ಕೆಲವೊಮ್ಮೆ ನಂಬಿಕೆ ಬರುವುದಿಲ್ಲ.

ಭಯ ಶುರುವಾದದ್ದು ಸಿಡ್ನಿಯಲ್ಲಿ. ಆಗ ನನ್ನ ಆಫೀಸು ಮ್ಯಾಕ್ವೆರಿ ಪಾರ್ಕ್‌ನಲ್ಲಿತ್ತು, ಮಗಳಿಗೆ ನಾಲ್ಕು ವರ್ಷ. ಒಂದು ಸಂಜೆ ಅವಳನ್ನು ಚೈಲ್ಡ್‌ಕೇರ್‌ನಿಂದ ಕರೆದುಕೊಂಡು ಮೆಟ್ರೋ ಹತ್ತಿದೆ. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ಅವಳ ಬ್ಯಾಗು. ಒಳಗೆ ಹೋಗಿ ತಿರುಗಿದರೆ ಬಾಗಿಲು ಮುಚ್ಚಿಕೊಂಡಿದೆ, ಅವಳು ಗಾಜಿನ ಆಚೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾಳೆ. ಯಾರೋ ಹೆಂಗಸು ಅವಳ ಕೈ ಹಿಡಿದದ್ದಷ್ಟೇ ಕಂಡಿತು, ರೈಲು ಹೊರಟೇಬಿಟ್ಟಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರಿನ ರೈಲು ಹಿಡಿದು ವಾಪಸ್ ಬಂದಾಗ ಅವಳು ಆ ಹೆಂಗಸಿನ ಪಕ್ಕ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನಗೆ. ಅಂದಿನಿಂದ ಮನೆಯವರದ್ದೆಲ್ಲ ನನ್ನ ಕೈಯಲ್ಲೇ ಇರಬೇಕು: ಮೂವರ ಪಾಸ್‌ಪೋರ್ಟು, ಮೂವರ ಟಿಕೆಟ್ಟು, ಮೂವರ ಜಾಕೆಟ್ಟು. ಎಲ್ಲಿಗೆ ಹೋದರೂ ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಇರುತ್ತೇನೆ. ಗಂಡ ಇದಕ್ಕೆ ಹಾಜರಿ ತಗೊಳ್ಳೋದು ಎಂದು ಹೆಸರಿಟ್ಟಿದ್ದಾನೆ.

ಆಮೇಲೆ ಅವನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು, ಟ್ರುಗನಿನಾದಲ್ಲಿ ಮನೆ ಮಾಡಿದೆವು. ಸ್ಕೂಲಿನ ಕ್ಯಾಂಪಿನಲ್ಲಿ ಒಮ್ಮೆ ಹಿಮ ನೋಡಿ ಬಂದ ಮಗಳು ಸ್ಕೀ ಕಲಿಯಬೇಕೆಂದು ಹಟ ಹಿಡಿದಳು. ಗಂಡನ ಸಹೋದ್ಯೋಗಿಯೊಬ್ಬ ಈ ಗುಡ್ಡದ ಸುದ್ದಿ ಹೇಳಿದ. ಇದು ಜಾಹೀರಾತಿನಲ್ಲಿ ಕಾಣುವಂಥ ರೆಸಾರ್ಟ್ ಅಲ್ಲ. ಒಂದು ಇಳಿಜಾರು, ಒಂದು ಮರದ ಮನೆ, ಒಂದು ರೋಪ್ ಟೋ, ಅಷ್ಟೇ. ಟೋ ಎಂದರೆ ಬಾವಿಯ ರಾಟೆಯ ಹಗ್ಗದಂತೆ ಗುಡ್ಡದ ಬುಡದಿಂದ ತುದಿಗೆ ಸುತ್ತುತ್ತಲೇ ಇರುವ ದಪ್ಪ ಹಗ್ಗ. ಅದನ್ನು ಹಿಡಿದುಕೊಂಡರೆ ಎಂಜಿನ್ನು ನಮ್ಮನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಮಗಳ ಜಡೆ ಆ ಹಗ್ಗಕ್ಕೆ ಸಿಕ್ಕಿಕೊಳ್ಳುವ ದೃಶ್ಯ. ಅವತ್ತಿನಿಂದ ಜಡೆಯನ್ನು ಜಾಕೆಟ್ಟಿನ ಒಳಗೆ ತುರುಕಿ, ಮೇಲೆ ಎರಡು ಪಿನ್ನು ಚುಚ್ಚಿಯೇ ಕಳಿಸುವುದು.

ಇಲ್ಲಿ ಸಂಬಳದವರು ಯಾರೂ ಇಲ್ಲ. ಮೆಂಬರುಗಳೇ ಎಲ್ಲ ಮಾಡಬೇಕು. ಬೇಸಿಗೆಯಲ್ಲಿ ಎರಡು ಶನಿವಾರ ಹೋಗಿ ಹುಲ್ಲು ಕೊಯ್ದು, ಕಂಬಗಳಿಗೆ ಬಣ್ಣ ಹೊಡೆದು ಬರುತ್ತೇವೆ, ನಮ್ಮೂರಲ್ಲಿ ಶ್ರಮದಾನ ಎನ್ನುತ್ತಿದ್ದೆವಲ್ಲ, ಹಾಗೆ. ಚಳಿಗಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಳಿ. ಸ್ಕೀ ಮಾಡಲು ನನ್ನ ಕಾಲು ಒಪ್ಪಲಿಲ್ಲವಾಗಿ ನಾನು ಅಡುಗೆಮನೆಗೆ ಸೇರಿಕೊಂಡೆ. ಅಲ್ಲಿಂದ ಕಿಟಕಿಯಲ್ಲಿ ಇಳಿಜಾರಿನ ಅರ್ಧ ಕಾಣುತ್ತದೆ. ಉಳಿದರ್ಧ ಕಾಣುವುದಿಲ್ಲ ಎನ್ನುವುದೇ ನನ್ನ ಕಷ್ಟ.

ಆ ಗುಡ್ಡದ ಚರಿತ್ರೆಯನ್ನು ನಾನು ಕೇಳಿದ್ದು ಅಂಥದೇ ಒಂದು ಶ್ರಮದಾನದ ದಿನ, ಕ್ಲಬ್ಬಿನ ಅತ್ಯಂತ ಹಿರಿಯ ಹೆಂಗಸಿನಿಂದ. ಎಂಬತ್ತರ ಹತ್ತಿರದ ವಯಸ್ಸು. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಮಾತ್ರ ನಾಲಿಗೆ ಏಳುವುದಿಲ್ಲ. ಎದುರಿಗೆ ಆಂಟಿ ಎನ್ನುತ್ತೇನೆ, ಮನಸ್ಸಿನಲ್ಲಿ ಅಜ್ಜಿ. ಅಜ್ಜಿಯ ತಂದೆ ಕೆಳಗಿನ ಊರಿನಲ್ಲಿ ಮೇಷ್ಟ್ರಾಗಿದ್ದರಂತೆ. ಅವರು, ಒಬ್ಬ ಬೇಕರಿಯವನು, ಮರದ ಮಿಲ್ಲಿನ ನಾಲ್ಕಾರು ಜನ ಸೇರಿ ಭಾನುವಾರ ಭಾನುವಾರ ಕೊಡಲಿ ಹಿಡಿದು ಈ ಇಳಿಜಾರಿನ ಮರ ಕಡಿದು ಹಸನು ಮಾಡಿದರಂತೆ. ಮಿಲ್ಲಿನವರು ಬೇಡವೆಂದು ಎಸೆದ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ತಂದು ಮನೆ ಕಟ್ಟಿದರು. ಹಳೇ ಲಾರಿಯೊಂದರ ಎಂಜಿನ್ನು ಬಿಚ್ಚಿ ತಂದು ಹಗ್ಗ ಓಡಿಸಿದರು. ಅದು ಎಷ್ಟು ಸಲ ಕೆಡುತ್ತಿತ್ತೆಂದರೆ ಜನ ಸ್ಕೀ ಮಾಡುವುದಕ್ಕಿಂತ ಎಂಜಿನ್ನಿನ ಸುತ್ತ ನಿಲ್ಲುವುದೇ ಹೆಚ್ಚಾಗಿತ್ತು ಎಂದು ಅಜ್ಜಿ ನಕ್ಕರು.

ಆಮೇಲೆ ಬಾಗಿಲ ಪಕ್ಕದ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಉದ್ದನೆಯ ಹಲಗೆ, ಅದರಲ್ಲಿ ಸಾಲಾಗಿ ಮೊಳೆಗಳು, ಪ್ರತಿ ಮೊಳೆಯ ಕೆಳಗೆ ಒಂದು ನಂಬರು. ಎಲ್ಲರೂ ಅದನ್ನು ಬೋರ್ಡು ಎನ್ನುತ್ತಾರೆ. ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಿತ್ತಾಳೆಯ ಬಿಲ್ಲೆಗಳು. ಗುಡ್ಡ ಹತ್ತುವ ಮೊದಲು ನಿಮ್ಮ ನಂಬರಿನ ಬಿಲ್ಲೆಯನ್ನು ಮೊಳೆಗೆ ಹಾಕಬೇಕು. ದಿನದ ಕೊನೆಗೆ ಇಳಿದು ಬಂದ ಮೇಲೆ ತೆಗೆದು ಡಬ್ಬಿಗೆ ಹಾಕಬೇಕು. ಸಂಜೆ ಕೊನೆಯ ಸುತ್ತಿಗೆ ಇಬ್ಬರು ತಮ್ಮ ಬಿಲ್ಲೆ ತೆಗೆದಿಟ್ಟು ಮೇಲೆ ಹೋಗುತ್ತಾರೆ. ಬೋರ್ಡಿನಲ್ಲಿ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಅವರು ಗುಡ್ಡದ ಎರಡೂ ಬದಿಯ ಕೊರಕಲುಗಳನ್ನು ಹುಡುಕದೆ ಬರುವಂತಿಲ್ಲ. ಬೋರ್ಡು ಖಾಲಿಯಿದ್ದರೆ ನೇರ ದಾರಿಯಲ್ಲಿ ಇಳಿದು ಬಂದುಬಿಡುತ್ತಾರೆ.

"ಇದು ಯಾಕೆ ಬಂತು ಗೊತ್ತಾ?" ಎಂದರು ಅಜ್ಜಿ. "ನಾನು ಚಿಕ್ಕವಳಿದ್ದಾಗ ಒಂದು ಸಂಜೆ ಎಲ್ಲರೂ ಇಳಿದು ಊರಿಗೆ ಹೋದೆವು. ಒಬ್ಬ ಮೇಲೇ ಉಳಿದಿದ್ದ. ಅವನು ಇನ್ನೊಬ್ಬರ ಗಾಡಿಯಲ್ಲಿ ಹೋಗಿರಬೇಕು ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದೆವು. ಮಾರನೇ ದಿನ ಸಿಕ್ಕಿದ."

ಹೇಗೆ ಸಿಕ್ಕಿದ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

"ಅದಕ್ಕೇ ಒಂದು ನಿಯಮ. ನಿನ್ನ ಬಿಲ್ಲೆ ನೀನೇ ಹಾಕಬೇಕು, ನೀನೇ ತೆಗೆಯಬೇಕು. ಇನ್ನೊಬ್ಬರದ್ದನ್ನು ಮುಟ್ಟಬಾರದು." ನಡುವೆ ಒಮ್ಮೆ ಕಾಡಿಗೆ ಬೆಂಕಿ ಬಿದ್ದು ಮನೆ ಸುಟ್ಟೇಹೋಯಿತಂತೆ. ಬೆಂಕಿ ಬರುತ್ತಿದೆ ಎಂದು ಗೊತ್ತಾದಾಗ ಅಜ್ಜಿ ಕಾರಿನಲ್ಲಿ ಹಾಕಿಕೊಂಡು ಓಡಿದ್ದು ಈ ಬೋರ್ಡು ಮತ್ತು ಡಬ್ಬಿಯನ್ನು ಮಾತ್ರ. ಈಗಿರುವ ಮನೆ ಹೊಸದು, ಬೋರ್ಡು ಹಳೆಯದೇ. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಒಲೆಯ ಮೇಲಿಟ್ಟು ಬಂದಿದ್ದ ಒಗ್ಗರಣೆಯ ಕಡೆಗೇ ಅರ್ಧ ಮನಸ್ಸಿತ್ತು, ಆ ನಿಯಮವನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ನಮಗೆ ಬಂದದ್ದು ನಲವತ್ತೊಂದು, ನಲವತ್ತೆರಡು, ನಲವತ್ತಮೂರು. ಮಗಳು ತನ್ನ ನಲವತ್ತಮೂರರ ಬಿಲ್ಲೆಗೆ ನನ್ನ ನೇಲ್ ಪಾಲಿಶ್‌ನಿಂದ ಕೆಂಪು ಚುಕ್ಕೆ ಇಟ್ಟಳು. ನಾನು ಗುಡ್ಡ ಹತ್ತುವವಳಲ್ಲವಾದ್ದರಿಂದ ನಲವತ್ತೊಂದು ಯಾವಾಗಲೂ ಡಬ್ಬಿಯಲ್ಲೇ ಇರುತ್ತಿತ್ತು.

ಕಳೆದ ವರ್ಷ ಆಗಸ್ಟಿನ ಒಂದು ಶನಿವಾರ. ಆಗಸ್ಟ್ ಎಂದರೆ ಇಲ್ಲಿ ಚಳಿಗಾಲ. ಮಗಳಿಗೆ ಹತ್ತು ವರ್ಷ. ಆ ವರ್ಷ ಹಿಮವೇ ಸರಿಯಾಗಿ ಬಿದ್ದಿರಲಿಲ್ಲ, ಟೋ ಓಡಿದ್ದೇ ಕೆಲವು ದಿನ. ಗುಡ್ಡ ಇನ್ನೆಷ್ಟು ವರ್ಷವೋ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಸಿಕ್ಕಿದ ಒಂದು ದಿನವನ್ನು ಬಿಡಬಾರದೆಂದು ಎಲ್ಲರೂ ಬಂದಿದ್ದರು. ನಾನು ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದು, ಮೂರು ತಟ್ಟೆ ತಿಂದು ಮೂಗು ಒರೆಸಿಕೊಳ್ಳುತ್ತಿದ್ದ ಬಿಳಿಯರನ್ನು ನೋಡಿ ಖುಷಿಪಡುತ್ತಿದ್ದೆ. ಮಧ್ಯಾಹ್ನ ಎರಡೂವರೆಗೆ ಮಂಜು ಇಳಿಯಿತು. ಕಿಟಕಿಯಲ್ಲಿ ಕಾಣುತ್ತಿದ್ದ ಅರ್ಧ ಗುಡ್ಡ ಕಾಲುಭಾಗವಾಯಿತು, ಆಮೇಲೆ ಬರೀ ಬೆಳ್ಳಗೆ. ಮೂರಕ್ಕೆ ಗಂಟೆ ಹೊಡೆದರು. ಟೋ ಮುಚ್ಚುತ್ತೇವೆ, ಎಲ್ಲರೂ ಇಳಿಯಿರಿ ಎಂದು ಅದರ ಅರ್ಥ.

ಜನ ಒಬ್ಬೊಬ್ಬರಾಗಿ ಬಂದರು, ತಮ್ಮ ತಮ್ಮ ಬಿಲ್ಲೆ ತೆಗೆದು ಡಬ್ಬಿಗೆ ಹಾಕಿದರು. ನನ್ನ ಗಂಡ ಬಾಗಿಲಲ್ಲಿ ತಲೆ ಹಾಕಿದ. ಮೈಯೆಲ್ಲ ಒದ್ದೆ.

"ಮಗಳೆಲ್ರೀ?" ಎಂದೆ.

"ಹಿಂದೇನೇ ಬರ್ತಿದ್ದಾಳೆ ಕಣೇ. ನಾನು ಕಾರ್ ಹೀಟರ್ ಹಾಕಿರ್ತೀನಿ, ಬೇಗ ಪ್ಯಾಕ್ ಮಾಡು. ರೋಡ್ ಮೇಲೆ ಐಸ್ ಆಗ್ಬಿಡತ್ತೆ." ಅಷ್ಟು ಹೇಳಿ ಹೋದ.

ಆ ರಸ್ತೆಯ ಮಾತು ಬಂದರೆ ನನಗೆ ಕೈಕಾಲು ಆಡುವುದಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಗಡಿಬಿಡಿಯಲ್ಲಿ ಪಾತ್ರೆ ತುಂಬಿದೆ, ಮೂವರ ಚೀಲ ತುಂಬಿದೆ, ಮಗಳ ಒಣ ಕಾಲುಚೀಲ ತೆಗೆದಿಟ್ಟೆ. ಬಾಗಿಲ ಹತ್ತಿರ ಬಂದಾಗ ಬೋರ್ಡಿನಲ್ಲಿ ನಮ್ಮವು ಎರಡೇ ಉಳಿದಿದ್ದವು, ನಲವತ್ತೆರಡು ಮತ್ತು ನಲವತ್ತಮೂರು. ಗಂಡ ಎಂದಿನಂತೆ ಮರೆತು ಹೋಗಿದ್ದ. ಎರಡನ್ನೂ ಒಂದೇ ಕೈಯಲ್ಲಿ ತೆಗೆದು ಡಬ್ಬಿಗೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ. ನಮ್ಮಲ್ಲಿ ಎಲ್ಲಿಗೆ ಹೋದರೂ ಮನೆಯವರ ಪರವಾಗಿ ಒಬ್ಬರೇ ಎಲ್ಲ ಮಾಡುವುದಲ್ಲವೇ? ಬಸ್ಸಿನ ಟಿಕೆಟ್ಟು ಒಬ್ಬರ ಕೈಯಲ್ಲಿ, ಗುಡಿಯ ಮುಂದಿನ ಚಪ್ಪಲಿ ಟೋಕನ್ನು ಒಬ್ಬರ ಕೈಯಲ್ಲಿ. ಮನೆಯವರದ್ದು ಬೇರೆ ಬೇರೆ ಎಂದು ಯಾರೂ ನೋಡುವುದಿಲ್ಲ. ಜೊತೆಗೆ ಮರೆತುಹೋದರೆ ಎಂಬ ಭಯ. ಆ ಭಯವೇ ನನ್ನ ಕೈಯನ್ನು ಮೊಳೆಯವರೆಗೆ ಒಯ್ದದ್ದು.

ಕೊನೆಯ ಸುತ್ತಿನವರು ಮೇಲಿನಿಂದ ರೇಡಿಯೋದಲ್ಲಿ ಕೇಳಿದರು, "ಬೋರ್ಡು ಖಾಲಿಯೇ?" ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದು ಸಲ ನೋಡಿದರು. "ಖಾಲಿ," ಎಂದರು. ಎಂಜಿನ್ನು ನಿಂತಿತು. ಬೆಳಿಗ್ಗೆಯಿಂದ ಕಿವಿಯಲ್ಲಿದ್ದ ಸದ್ದು ನಿಂತಾಗ ಆದ ಮೌನ ನನಗೆ ಈಗಲೂ ನೆನಪಿದೆ.

ಚೀಲಗಳನ್ನು ಹೊತ್ತು ಕಾರಿನ ಹತ್ತಿರ ಹೋದೆ. ಗಂಡ ಒಬ್ಬನೇ ಕೂತಿದ್ದ. "ಅವಳೆಲ್ಲಿ?" ಎಂದ. "ನಿಮ್ಮ ಜೊತೆ ಇಲ್ಲೇನು?" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು, ಎರಡು.

ಅವನು ಓಡಿಹೋಗಿ ಎಲ್ಲರಿಗೂ ಹೇಳಿದ. ಅಷ್ಟರಲ್ಲಿ ಕೊನೆಯ ಸುತ್ತಿನವರೂ ನೇರ ದಾರಿಯಲ್ಲಿ ಇಳಿದು ಬಂದಿದ್ದರು. ದಾರಿಯಲ್ಲಿ ಯಾರೂ ಇಲ್ಲ ಎಂದರು. ಅಜ್ಜಿ ಬೋರ್ಡಿನ ಕಡೆ ನೋಡಿ, "ಅವಳ ಬಿಲ್ಲೆ ತೆಗೆದಿದೆ. ಅಂದರೆ ಇಳಿದು ಬಂದಿದ್ದಾಳೆ. ಇಲ್ಲೇ ಕೆಳಗೆ ಎಲ್ಲೋ ಇರಬೇಕು," ಎಂದರು. ಕೂಡಲೇ ಎಲ್ಲರೂ ಕೆಳಗೆ ಹುಡುಕಲು ಹೊರಟರು. ಕಾರುಗಳ ನಡುವೆ, ಟಾಯ್ಲೆಟ್ಟಿನಲ್ಲಿ, ಸ್ಕೀ ಇಡುವ ಕೋಣೆಯಲ್ಲಿ, ಮಕ್ಕಳು ಜಾರಾಡುವ ದಿಬ್ಬದಲ್ಲಿ. ಎಲ್ಲರೂ ಅವಳ ಹೆಸರು ಕೂಗುತ್ತಿದ್ದರು. ಯಾರೊಬ್ಬರೂ ಗುಡ್ಡದ ಕಡೆ ಮುಖ ಮಾಡಿರಲಿಲ್ಲ.

ಈಗ ಬರೆಯುವುದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅಜ್ಜಿ ಆ ಮಾತು ಹೇಳಿದ ಕ್ಷಣವೇ ನನಗೆ ಎಲ್ಲ ಹೊಳೆದಿತ್ತು. ಬಿಲ್ಲೆ ತೆಗೆದದ್ದು ಅವಳಲ್ಲ, ನಾನು. ಅವಳು ಇಳಿದೇ ಇಲ್ಲ. ಬಾಯಿ ತೆರೆದು ಒಂದು ಮಾತು ಹೇಳಿದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಅಷ್ಟು ಜನ ಬಿಳಿಯರ ನಡುವೆ, ಮೂರು ವರ್ಷದಿಂದ ನಮ್ಮನ್ನು ತಮ್ಮವರೇ ಎಂದುಕೊಂಡವರ ನಡುವೆ, ಅವರಿಗಿರುವ ಒಂದೇ ನಿಯಮ ಮುರಿದವಳು ನಾನೇ ಎಂದು ಹೇಳಲು ನಾಚಿಕೆಯಾಯಿತು. ಹೌದು, ನಾಚಿಕೆ. ಮಗಳು ಮೇಲೆ ಮಂಜಿನಲ್ಲಿದ್ದಾಳೆ, ನಾನು ಇಲ್ಲಿ ಮಾನಕ್ಕೆ ಹೆದರುತ್ತಿದ್ದೇನೆ. ಇಲ್ಲೇ ಸಿಕ್ಕಿಬಿಡಲಿ ದೇವರೇ, ಟಾಯ್ಲೆಟ್ಟಿನಲ್ಲೇ ಇರಲಿ ಎಂದು ಬೇಡಿಕೊಂಡು ಸುಳ್ಳುಸುಳ್ಳೇ ಕಾರುಗಳ ನಡುವೆ ಓಡಾಡಿದೆ. ಎಷ್ಟು ನಿಮಿಷ? ಮೂರೋ, ಐದೋ. ಅದಕ್ಕಿಂತ ಹೆಚ್ಚಿರಬಾರದೆಂದು ನನ್ನ ಆಸೆ.

ಮಾರನೇ ದಿನ ಸಿಕ್ಕಿದ ಎಂಬ ಅಜ್ಜಿಯ ಮಾತು ತಲೆಗೆ ಬಂದದ್ದೇ ವಾಪಸ್ ಓಡಿದೆ. "ಆಂಟಿ, ಬಿಲ್ಲೆ ನಾನು ತೆಗೆದೆ," ಎಂದೆ. "ಅವಳದ್ದು ನಾನೇ ತೆಗೆದೆ."

ಅಜ್ಜಿ ಬೈಯಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. ಡಬ್ಬಿಯಲ್ಲಿ ಕೈಯಾಡಿಸಿ, ಕೆಂಪು ಚುಕ್ಕೆಯ ಬಿಲ್ಲೆ ಹುಡುಕಿ ತೆಗೆದು, ಅದನ್ನು ಮತ್ತೆ ನಲವತ್ತಮೂರನೇ ಮೊಳೆಗೆ ಹಾಕಿದರು. ಆಮೇಲೆ ಹೊರಗೆ ಹೋಗಿ ಜೋರಾಗಿ ಕೂಗಿದರು. ಎಂಜಿನ್ನು ಮತ್ತೆ ಶುರುವಾಯಿತು. ನಾಲ್ಕು ಜನ ಹಗ್ಗ ಹಿಡಿದು ಮಂಜಿನೊಳಗೆ ಹೋದರು. ಅವರಲ್ಲಿ ನನ್ನ ಗಂಡನೂ ಇದ್ದ. ಹೋಗುವಾಗ ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ಅಜ್ಜಿ ನನ್ನ ಕೈಗೆ ಗಂಟೆಯ ಹಗ್ಗ ಕೊಟ್ಟು, "ನಿಲ್ಲಿಸದೆ ಹೊಡೆ. ಸದ್ದು ಕೇಳಿದರೆ ಅವರಿಗೆ ದಿಕ್ಕು ಗೊತ್ತಾಗುತ್ತದೆ," ಎಂದರು.

ಹೊಡೆದೆ. ಗ್ಲೌಸು ಎಲ್ಲಿತ್ತೋ, ಬರಿಗೈಯಲ್ಲೇ ಹೊಡೆದೆ. ನನ್ನ ಕೈಯನ್ನು ನೋಡಿದರೆ ಅಸಹ್ಯವಾಗುತ್ತಿತ್ತು. ಅವಳ ಜಡೆಗೆ ಪಿನ್ನು ಚುಚ್ಚಿದ ಕೈ, ಅವಳ ಕಾಲುಚೀಲ ತೆಗೆದಿಟ್ಟ ಕೈ. ಎಷ್ಟೆಲ್ಲ ಕಾಪಾಡಿ ಕೊನೆಗೆ ಗುಡ್ಡದ ಮೇಲೆ ಅವಳಿಲ್ಲ ಎಂದು ಊರಿಗೆಲ್ಲ ಸಾರಿದ್ದು ಇದೇ ಕೈ. ಅಳು ಬರಲಿಲ್ಲ. ಭಯ ಅಷ್ಟು ಹೆಚ್ಚಾದಾಗ ಅಳು ಬರುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ರೇಡಿಯೋ ಕರಕರ ಎಂದಿತು. ಸಿಕ್ಕಿದಳು. ಎಡಗಡೆಯ ಕೊರಕಲಿನಲ್ಲಿ, ಒಂದು ಮರದ ಬುಡದಲ್ಲಿ ಕೂತಿದ್ದಳು. ಮಂಜಿನಲ್ಲಿ ಅಪ್ಪನ ಜಾಡು ತಪ್ಪಿ, ದಿಬ್ಬದ ತಪ್ಪು ಬದಿಗೆ ಇಳಿದು ಬಿದ್ದಿದ್ದಳು. ಒಂದು ಸ್ಕೀ ಕಳಚಿಹೋಗಿತ್ತು. ತುಟಿ ನೀಲಿಗಟ್ಟಿತ್ತು, ಬೇರೇನೂ ಆಗಿರಲಿಲ್ಲ. ಅವಳನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಮುಂದೆ ಕೂರಿಸಿದರು. ನಾನು ಅವಳ ಪಾದ ಉಜ್ಜುತ್ತ ನೆಲದ ಮೇಲೆ ಕೂತಿದ್ದೆ. ಅಜ್ಜಿ ನನಗೂ ಒಂದು ಟೀ ತಂದುಕೊಟ್ಟರು. ಬಗ್ಗಿ ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದರು, "ಮುಂದಿನ ಸಲ ಇನ್ನೂ ಬೇಗ ಹೇಳು." ಕಾರುಗಳ ನಡುವೆ ಸುಮ್ಮನೆ ಓಡಾಡುತ್ತಿದ್ದ ನನ್ನನ್ನು ಅವರು ನೋಡಿದ್ದರು.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಅವಳೇ ಹೇಳಿದಳು, "ಐ ವಾಸಂಟ್ ಸ್ಕೇರ್ಡ್, ಅಮ್ಮ. ಮೈ ಟ್ಯಾಗ್ ವಾಸ್ ಆನ್ ದ ಬೋರ್ಡ್. ದೆ ಹ್ಯಾಡ್ ಟು ಕಮ್." ತನ್ನ ಬಿಲ್ಲೆ ಬೋರ್ಡಿನ ಮೇಲಿದೆ, ಹಾಗಾಗಿ ಹುಡುಕಿಕೊಂಡು ಬಂದೇ ಬರುತ್ತಾರೆ, ಅದಕ್ಕೇ ಕದಲದೆ ಕೂತಿದ್ದೆ ಎನ್ನುವುದು ಅವಳ ಮಾತು. ಅಷ್ಟು ನಂಬಿ ಕೂತಿದ್ದಳು. ನಾನು ಕತ್ತು ತಿರುಗಿಸಿ ಅವಳನ್ನು ನೋಡಲಾರದೆ ಕಿಟಕಿಯ ಕಡೆ ನೋಡಿದೆ. ಗಂಡ ಓರೆಗಣ್ಣಿನಲ್ಲಿ ನನ್ನನ್ನು ನೋಡಿದ, ಹೇಳಬೇಡ ಎಂಬಂತೆ.

ಮನೆಗೆ ಬಂದ ಮೇಲೂ ಅವನದು ಅದೇ ಮಾತು. "ಆ ನಂಬಿಕೆ ಇದ್ದಿದ್ದಕ್ಕೇ ಅವಳು ಒಂದ್ ಕಡೆ ಕೂತಿದ್ಲು. ಹೇಳಿದ್ರೆ ನಾಳೆ ಇನ್ನೆಲ್ಲಾದ್ರೂ ಸಿಕ್ಕಾಕೊಂಡಾಗ ಕೂರಲ್ಲ, ನಡೆಯಕ್ಕೆ ಶುರು ಮಾಡ್ತಾಳೆ. ಬಿಟ್ಬಿಡು." ಅವನ ಮಾತಿನಲ್ಲಿ ಅರ್ಥವಿತ್ತು. ಹೇಳಿದರೆ ಅವಳ ನಂಬಿಕೆ ಹೋಗುತ್ತದೆ ಎಂಬ ಭಯ. ಹೇಳದಿದ್ದರೆ ಇನ್ಯಾರಿಂದಲೋ ಗೊತ್ತಾಗುತ್ತದೆ ಎಂಬ ಭಯ. ಆ ಬೇಸಿಗೆಯೆಲ್ಲ ನಾನು ಎರಡರ ನಡುವೆ ಒದ್ದಾಡಿದೆ. ಶ್ರಮದಾನಕ್ಕೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ.

ಈ ವರ್ಷ ಮೊದಲ ಹಿಮ ಬಿದ್ದ ಶನಿವಾರ ಹೋದೆವು. ಕಾರು ನಿಲ್ಲಿಸಿದ ಮೇಲೆ ಗಂಡ ಸ್ಕೀಗಳನ್ನು ಇಳಿಸುತ್ತಿದ್ದ. ಅವಳು ಬೂಟು ಹಾಕಿಕೊಳ್ಳುತ್ತಿದ್ದಳು. ಮತ್ತೆ ಮಾನಕ್ಕೆ ಹೆದರಿ ನಿಮಿಷ ಕಳೆಯುವುದು ನನ್ನಿಂದಾಗಲಿಲ್ಲ. "ಪುಟ್ಟಿ, ಹೋದ ವರ್ಷ ನಿನ್ನ ಬಿಲ್ಲೆ ಬೋರ್ಡಿನ ಮೇಲೆ ಇರಲಿಲ್ಲ," ಎಂದೆ. "ನೀನು ಇಳಿಯೋ ಮುಂಚೆ ನಾನೇ ತೆಗೆದುಬಿಟ್ಟಿದ್ದೆ."

ಅವಳು ಬೂಟಿನ ಬಕಲ್ ಹಾಕುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಬಕಲ್ ಹಾಕಿಕೊಂಡು ಎದ್ದು ಕ್ಲಬ್ಬಿನ ಮನೆಯೊಳಗೆ ಹೋದಳು, ಡಬ್ಬಿಯಿಂದ ಕೆಂಪು ಚುಕ್ಕೆಯ ಬಿಲ್ಲೆ ಹುಡುಕಿ ಮೊಳೆಗೆ ಹಾಕಿದಳು. ನಾನು ಹಿಂದೆಯೇ ನಿಂತಿದ್ದೆ. ಮನೆಯಲ್ಲಿ ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ತಿರುಗಿ ಸ್ಪಷ್ಟ ಕನ್ನಡದಲ್ಲಿ ಹೇಳಿದಳು, "ಅಮ್ಮ, ಇದನ್ನ ನೀನು ಮುಟ್ಟಬೇಡ."

ಅವತ್ತೂ ಮಧ್ಯಾಹ್ನ ಮಂಜು ಇಳಿಯಿತು. ಅವತ್ತೂ ಗಂಟೆ ಹೊಡೆದರು. ಗಂಡ ಬಂದು ತನ್ನ ಬಿಲ್ಲೆ ತೆಗೆದು ಡಬ್ಬಿಗೆ ಹಾಕಿದ. "ಹಿಂದೇನೇ..." ಎಂದವನು ಅಲ್ಲಿಗೇ ನಿಲ್ಲಿಸಿ, ಮತ್ತೆ ಹೊರಗೆ ಹೋಗಿ ಇಳಿಜಾರಿನ ಬುಡದಲ್ಲಿ ನಿಂತುಕೊಂಡ. ಒಂದೊಂದೇ ಮೊಳೆ ಖಾಲಿಯಾಗುತ್ತ ಬಂತು. ಕೊನೆಗೆ ಉಳಿದದ್ದು ನಲವತ್ತಮೂರು. ನಾನು ಬೋರ್ಡಿನ ಎದುರಿನ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅಜ್ಜಿ ನನ್ನ ಪಕ್ಕ ಕೂತಿದ್ದರು.

ಬಾಗಿಲು ತೆರೆಯಿತು. ಅವಳು ಬೂಟು ಟಕಟಕ ಎನ್ನಿಸುತ್ತ ಬೋರ್ಡಿನ ಹತ್ತಿರ ಹೋಗಿ, ಹಲ್ಲಿನಿಂದ ಗ್ಲೌಸು ಎಳೆದು, ತನ್ನ ಬಿಲ್ಲೆ ತೆಗೆದಳು. ಡಬ್ಬಿಗೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿದಳು. ಇದು ಪೂರ್ತಿ ಹೊತ್ತು ಇಲ್ಲೇ ಇತ್ತಾ ಎಂದು. ಕೇಳಿದ್ದು ನನ್ನನ್ನಲ್ಲ, ಅಜ್ಜಿಯನ್ನು.

ಅಜ್ಜಿ ಹೌದು ಎಂದರು. ಆಮೇಲೆ ಅವಳು ಬಿಲ್ಲೆಯನ್ನು ಡಬ್ಬಿಗೆ ಹಾಕಿದಳು.